ಮೇ ತಿಂಗಳ ಸ್ವೆಟರು

ಕಲಬುರಗಿಯಾಗ ಅವತ್ತು ನಲವತ್ಮೂರು ಡಿಗ್ರಿ.
ಲ್ಯಾಬಿನ ಕೂಲರು ಬಿಸಿಗಾಳಿ ಊದಲಾಕತ್ತಿತ್ತು.
ರಕ್ತ ಕೊಡಲಾಕ ಬಂದಾತ ಮಾತ್ರ
ಕುತಗಿತನಕ ಗುಂಡಿ ಹಾಕಿದ
ಕಂದು ಬಣ್ಣದ ಉಣ್ಣಿ ಸ್ವೆಟರಿನ್ಯಾಗ.

'ತೋಳು ಮ್ಯಾಲ ಮಾಡ್ರಿ ಕಾಕಾ' ಅಂದೆ.
'ಥಂಡಿ ಅದ ಬೇಟಿ' ಅಂದ.
ಚೀಟಿ ಮ್ಯಾಲ: ಲಾಡ್ಲೇಸಾಬ, ಅರವತ್ತೇಳು,
ವಾಡಿ ಜಂಕ್ಷನ್, ರೈಲ್ವೆ ಕೀಮನ್, ನಿವೃತ್ತ.
ಎರಡು ಸ್ಟೆಂಟು. ಎದಿ ಪಂಪಿನ ಬಲ ನೂರಕ್ಕ ಮೂವತ್ತೈದು.

ಮೂವತ್ತೊಂದು ವರ್ಷ
ಸುತ್ತಿಗಿ ಹೆಗಲಿಗೆ, ಕೆಂಪು ಹಸಿರು ಝಂಡಾ ಬಗಲಾಗ,
ಹಳಿ ಬಡಿದು, ಕಿವಿ ಕೊಟ್ಟು,
ಯಾವ ಕೀಲಿ ಸಡಲ ಆಗ್ಯದ ಅಂತ
ಸಪ್ಪಳದಾಗೇ ತಿಳಕೋತಿದ್ದಾತ
ಈಗ ಅಂಗಳದ ಫರಸಿ ದಾಟಲಾಕ ಎರಡು ಸಲ ಕೂಡತಾನಂತ.
ಮಾತು ಕಡಿಮಿ ಆಗ್ಯಾವ. ಮಾರಿ ಬಾತದ. ನಾಡಿ ಐವತ್ತು.
ಸುಸ್ತು ಹೃದಯದ್ದು, ಬಾವು ಹೃದಯದ್ದು, ಮರವು ವಯಸ್ಸಿಂದು
ಅಂತ ಎಲ್ಲಾರೂ ಬರಕೊಂಡಿದ್ರು.
ಸ್ವೆಟರು ಯಾರ ಲೆಕ್ಕಕ್ಕೂ ಬಂದಿರಲಿಲ್ಲ.

ನಾನು ಡಾಕ್ಟರಲ್ಲ. ಸೂಜಿ ಚುಚ್ಚಾಕಿ.
ಖರೇ, ಫೋನ್ ಎತ್ತಿ ಮ್ಯಾಲಿನ ಮಜಲಿಗೆ ಕೇಳಿದೆ:
'ಮೇಡಂ, ಇವರದು ಥೈರಾಯ್ಡ್ ನೋಡೂಣೇನ್ರಿ?'
ಒಂದು ಗಳಿಗಿ ಸುಮ್ಮನಿದ್ದು 'ನೋಡು' ಅಂದ್ರು.

ಟಿಎಸ್‌ಎಚ್ ನಲವತ್ತೊಂದು.
ನಾಕು, ಐದರ ಆಸುಪಾಸು ಇರಬೇಕಾದ್ದು.
ಮಷಿನ್ ತಪ್ಪೇನೋ ಅಂತ ಇನ್ನೊಮ್ಮಿ ಹಾಕಿದೆ.
ನಲವತ್ತೊಂದ.
ಮಿದುಳು ಕೂಗಿ ಕೂಗಿ ಗಂಟಲು ಹರಕೊಂಡದ,
ಕುತಗಿಯಾಗಿನ ಗ್ರಂಥಿಗೆ ಎಚ್ಚರಿಲ್ಲ,
ನೈಟ್ ಡ್ಯೂಟಿಯಾಗ ಕಣ್ಣು ಹತ್ತಿದ ಕ್ಯಾಬಿನ್ ಮನುಷ್ಯಾನಂಗ.

'ಅದು ಹೆಂಗಸರ ಬ್ಯಾನಿ ಅಲ್ಲೇನು?' ಲಾಡ್ಲೇಸಾಬ ನಾಚಿದ.
ಹೆಂಡತಿ ಜುಲೇಖಾಬಿ ನಗಲಿಲ್ಲ.
ಹನ್ನೊಂದು ವರ್ಷದಿಂದ ಆಕಿ ಥೈರಾಯ್ಡ್ ಗುಳಿಗಿ,
ಈತನ ಹೃದಯದ ಗುಳಿಗಿ,
ಮನ್ಯಾಗ ಒಂದೇ ಮಾಡದಾಗ ಬಾಜೂಕ ಬಾಜೂಕ.
ಬಟವಿಯಾಗಿಂದ ಪಟ್ಟಿ ತಗದಳು:
'ಇದ ಅಲ್ಲೇನವಾ? ನೂರರದ್ದು. ಈಗ್ಲೇ ಒಂದು ನುಂಗಿಸ್ತೀನಿ.'
ಆಕಿ ಕೈ ಹಿಡದೆ ನಾನು. ಗಟ್ಟಿ ಹಿಡದೆ.

ಮೇಡಂ ಕುಂಡ್ರಿಸಿ ತಿಳಿಸಿದ್ರು:
ಸೋತ ಎದಿಗೆ ಒಮ್ಮೆಲೆ ಓಡು ಅಂದ್ರ ಮುಗ್ಗರಿಸೀತು.
ಇಪ್ಪತ್ತೈದರ ಗುಳಿಗಿ, ಅದರಾಗ ಅರ್ಧ.
ನಸುಕಿನಾಗ, ಖಾಲಿ ಹೊಟ್ಟಿ, ಚಹಾಕ್ಕಿಂತ ಮೊದಲ.
ಎದಿ ನೋವು, ಢವಢವ ಬಂದ್ರ ಅವತ್ತ ಬರ್ರಿ.
ಇಲ್ಲಂದ್ರ ಆರು ವಾರಕ್ಕ ಮತ್ತ ರಕ್ತ.
ಜುಲೇಖಾಬಿಗೆ ಸಂಶಯ: ಇಷ್ಟಗಲ ರೋಗಕ್ಕ ಇಷ್ಟ ಚೂರಾ?

ಆವಾಗ ಲಾಡ್ಲೇಸಾಬ ತಾನಾಗೇ ಬಾಯಿ ಬಿಟ್ಟ.
'ಕಾಷನ್' ಅಂದ.
'ಹಳಿ ಬಿಚ್ಚಿ ಹೊಸಾ ಖಡಿ ಹಾಕಿದ ದಿನ
ಎಂಥಾ ಎಕ್ಸ್‌ಪ್ರೆಸ್ ಇದ್ರೂ ಇಪ್ಪತ್ತರ ಬೋರ್ಡಿಗೆ ಮಣೀತದ.
ಆಮ್ಯಾಲ ನಲವತ್ತೈದು. ಆಮ್ಯಾಲ ಎಪ್ಪತ್ತೈದು.
ಖಡಿ ಕುಂಡ್ರಬೇಕಲ್ಲ?
ಕುಂಡ್ರಲಾಕ ಅದಕ್ಕೂ ಟೈಮ ಬೇಕು.'
ನಾಕು ತಿಂಗಳಾಗ ಇಷ್ಟು ಉದ್ದ ಮಾತು ಇದೇ ಮೊದಲು
ಅಂತ ಜುಲೇಖಾಬಿ ಆಮ್ಯಾಲ ಹೇಳಿದಳು.

ಹೊಂಟಾಗ ಬಾಗಿಲಾಗ ನಿಂತು ಕೇಳಿದ:
'ಬೇಟಿ, ಈ ಗಾಡಿ ಎಲ್ಲಿತನಕ?'
ನನ್ನ ಮಷಿನ್‌ದಾಗ ಅಂಥ ಕಾಲಂ ಇಲ್ಲ.
ಎದಿ, ಕುತಗಿ ಎರಡೂ ಕೂಡಿ ಸೋತವರ ದಾರಿ
ಗಿಡ್ಡ ಅಂತ ಓದೀನಿ.
ಅದು ಸಾವಿರ ಮಂದಿಯ ಲೆಕ್ಕ.
ನನ್ನ ಮುಂದ ನಿಂತಾತ ಒಬ್ಬ.
'ಮುಂದಿನ ಟೇಶನ್ ತನಕ ಗೊತ್ತದ ಕಾಕಾ' ಅಂದೆ,
'ಆರು ವಾರ.'

ಜುಲೈ ಬಂತು. ಸೆಕಿ ಹಂಗೇ ಇತ್ತು.
ಟಿಎಸ್‌ಎಚ್ ಇಪ್ಪತ್ತಾರು. ನಾಡಿ ಐವತ್ತೆಂಟು.
ಕಾಲಾಗಿನ ಬಾವು ಇನ್ನೂ ಇಳಿದಿಲ್ಲ.
ಸ್ವೆಟರು ಮೈಮ್ಯಾಲ ಇರಲಿಲ್ಲ.
ಮಡಚಿ ಬಗಲಾಗ ಹಿಡಕೊಂಡಿದ್ದ,
ಝಂಡಾ ಹಿಡಿದಂಗ,
ಯಾವಾಗರ ಬೇಕಾದೀತು ಅಂತ.